ಖಳನಾಯಕಿಯ ಕೈಯಲ್ಲೊಂದು ಸ್ಟೀಲ್ ಡಬ್ಬಿ

ಹೋದ ತಿಂಗಳು ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಮೂವರು ರಾಕ್ಷಸರು ಸತ್ತರು.

ಗಾಬರಿಯಾಗಬೇಡಿ. ರಕ್ತವೇನೂ ಚೆಲ್ಲಲಿಲ್ಲ. ಒಂದಿಷ್ಟು ಕಪ್ಪು ಇಂಕು ಚೆಲ್ಲಿತು, ಅದೂ ನನ್ನ ಬಿಳಿ ಟೇಬಲ್ ಕ್ಲಾತಿನ ಮೇಲೆ. (ಹೋಗುವುದಿಲ್ಲ. ನಿಂಬೆಹಣ್ಣು, ಉಪ್ಪು, ಮೊಸರು ಎಲ್ಲ ಆಯಿತು. ಈಗ ಆ ಕಲೆಯ ಮೇಲೆ ಹೂದಾನಿ ಕೂತಿದೆ.) ಮೂವರನ್ನೂ ಕೊಂದದ್ದು ಕಥೆಯ ನಾಯಕಿ ಅಲ್ಲ. ಓದುಗರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಮಗಳು ಧನ್ಯಾ ಹೊನ್ನಾವರದ ಕಾಲೇಜೊಂದರಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅಲ್ಲಿ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಒಂದು ಭಿತ್ತಿಪತ್ರಿಕೆ. ಸೋಮವಾರಕ್ಕೊಮ್ಮೆ ಹೊಸದು. ನಾಲ್ಕು ಕವನ, ಒಂದು ಸುಭಾಷಿತ, ‘ನಿಮಗಿದು ಗೊತ್ತೇ’, ಮತ್ತು ಕೆಳಗೆ ಬಲಮೂಲೆಯಲ್ಲಿ ಧನ್ಯಾ ಬರೆಯುವ ಸೂಪರ್ ಹೀರೋ ಕಾಮಿಕ್ಸ್. ನಾಯಕಿಯ ಹೆಸರು ತೂಫಾನಿ. ನೀಲಿ ಡ್ರೆಸ್ಸು, ಹಳದಿ ಕೇಪು. ಅಪ್ಸರಕೊಂಡದ ಜಲಪಾತದ ಹಿಂದಿನ ಗುಹೆಯಲ್ಲಿ ವಾಸ. ಕಷ್ಟ ಅಂತ ಕೂಗಿದರೆ ಸಾಕು, ಬಿರುಗಾಳಿಗಿಂತ ಮೊದಲು ಬಂದು ನಿಲ್ಲುತ್ತಾಳೆ. (ಜಲಪಾತದ ಹಿಂದೆ ಇದ್ದರೆ ಆ ಕೇಪು ಒಣಗುವುದು ಹೇಗೆ ಎಂದು ನಾನು ಕೇಳಿದ್ದೆ. ಇವತ್ತಿಗೂ ಉತ್ತರ ಬಂದಿಲ್ಲ.)

ತೂಫಾನಿ ಬಹಳ ಒಳ್ಳೆಯ ಹುಡುಗಿ. ಸಮಸ್ಯೆಯೇ ಅದು. ಒಳ್ಳೆಯ ಹುಡುಗಿಯನ್ನು ನೋಡಲು ಕ್ಯಾಂಟೀನ್ ಬಿಟ್ಟು ಯಾರು ಬರುತ್ತಾರೆ? ಎದುರಿಗೊಬ್ಬ ಸರಿಯಾದ ಕೆಟ್ಟವ ಬೇಕು. ಅವನೇ ಸಿಗುತ್ತಿರಲಿಲ್ಲ.

ಮೊದಲು ಬಂದವನು ಚತುರ್ಮುಂಡ. ಬೇರೆ ಗ್ರಹದವನು, ನಾಲ್ಕು ತಲೆ, ಭೂಮಿಯನ್ನು ಪುಡಿ ಮಾಡುವುದೊಂದೇ ಗುರಿ. ಧನ್ಯಾ ಚಿತ್ರವನ್ನು ಹೆಮ್ಮೆಯಿಂದ ಟೇಬಲ್ ಮೇಲೆ ಹರಡಿದಳು. ಇವರು, ನನ್ನ ಯಜಮಾನರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕನ್ನಡಕದ ಮೇಲಿಂದ ನೋಡಿದರು.

“ತಲೆ ನಾಲ್ಕು, ಕೈ ಎರಡೇ ಇದ್ದಲೆ. ಅಂವ ಬೆಳಗ್ಗೆ ಹಲ್ಲುಜ್ಜಿ ಮುಗ್ಸೂ ಹೊತ್ತಿಗೆ ಮಧ್ಯಾಹ್ನ ಆಗ್ತು. ಭೂಮಿ ಪುಡಿ ಮಾಡೂದು ಯಾವಾಗ?”

ನನ್ನ ಅತ್ತೆಗೆ ಬೇರೆಯದೇ ಚಿಂತೆ. “ಭೂಮಿ ಪುಡಿ ಮಾಡಾದ್ಮೇಲೆ ಅಂವ ಎಲ್ಲಿ ಉಳಿತ್ನಡ?”

“ಅವನ ಗ್ರಹದಲ್ಲಿ, ಅಜ್ಜಿ.”

“ಹಂಗಾರೆ ಅಲ್ಲೇ ಇದ್ದಿದ್ರೆ ಆಗ್ತಿತ್ತಿಲ್ಯ? ಇಷ್ಟು ದೂರ ಎಂತಕ್ಕೆ ಬಂದ?”

ಕಾಲೇಜಿನಲ್ಲೂ ಯಾರೂ ಹೆದರಲಿಲ್ಲವಂತೆ. ಎರಡನೆಯವನು ಡಾಕ್ಟರ್ ಅಂಧಕ. ಹುಚ್ಚು ವಿಜ್ಞಾನಿ. ಇಡೀ ಕರಾವಳಿಯ ವಿದ್ಯುತ್ತನ್ನು ಒಂದು ಬಾಟಲಿಯಲ್ಲಿ ತುಂಬಿ ಕದ್ದುಬಿಟ್ಟ. ಯೋಚನೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ವಿಜ್ಞಾನಿ ಯಾಕೆ ಬೇಕು? ತಂತಿಯ ಮೇಲೆ ಒಂದು ತೆಂಗಿನ ಹೆಡೆ ಬಿದ್ದರೆ ಸಾಕು. ಅಂಧಕ ಅಷ್ಟು ಕಷ್ಟಪಟ್ಟು ಕದ್ದದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಜನ ಮೇಣದ ಬತ್ತಿ ಹಚ್ಚಿ ಮಾತು ಮುಂದುವರಿಸಿದರು. ಪಾಪ, ನನಗೇ ಅವನ ಮೇಲೆ ಕನಿಕರ ಬಂತು.

ಮೂರನೆಯದು ಒಂದು ಸಮುದ್ರ ರಾಕ್ಷಸ. ಬಾಯಿ ತೆರೆದು ಶರಾವತಿ ಸೇತುವೆಯನ್ನು ನುಂಗಿತು. ಭಯಂಕರ ಚಿತ್ರ! ಆದರೆ ಆದದ್ದೇನು ಗೊತ್ತೇ? ನದಿಯ ಆಚೆ ದಡದಿಂದ ಬರುವ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಸೇತುವೆ ಇಲ್ಲ ಅಂದರೆ ಬಸ್ಸಿಲ್ಲ, ಬಸ್ಸಿಲ್ಲ ಅಂದರೆ ಕಾಲೇಜಿಲ್ಲ. ಚಿತ್ರದ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ತೂಫಾನಿ, ದಯವಿಟ್ಟು ಈ ವಾರ ಬರಬೇಡ.’

ಅದಾದ ಮೇಲೆ ಭಿತ್ತಿಪತ್ರಿಕೆ ನೋಡಿಕೊಳ್ಳುವ ಮೇಡಂ ಧನ್ಯಾಳನ್ನು ಕರೆದರು. ಇನ್ನೊಂದೇ ಸೋಮವಾರ. ಅದೂ ನಡೆಯದಿದ್ದರೆ ಆ ಮೂಲೆಗೆ ಪದಬಂಧ ಹಾಕೋಣ ಅಂದರಂತೆ.

ಪದಬಂಧದ ಮೇಲೆ ನನಗೆ ಸಿಟ್ಟಿಲ್ಲ, ದಿನಾ ಮಧ್ಯಾಹ್ನ ನಾನೇ ಬಿಡಿಸುತ್ತೇನೆ. ಆದರೆ ತೂಫಾನಿಯನ್ನು ಈ ಹುಡುಗಿ ಏಳನೇ ಕ್ಲಾಸಿನಿಂದ ಬರೆಯುತ್ತಿದ್ದಾಳೆ. ಕೆಟ್ಟ ಮಾರ್ಕ್ಸ್ ಬಂದ ದಿನ ತೂಫಾನಿ. ಗೆಳತಿ ಮಾತು ಬಿಟ್ಟ ದಿನ ತೂಫಾನಿ. ಹತ್ತು ಜನರ ಎದುರು ಬಾಯಿ ತೆರೆಯದ ನನ್ನ ಮಗಳು ಆ ಮೂಲೆಯಲ್ಲಿ ಮಾತ್ರ ಜೋರಾಗಿ ಮಾತಾಡುತ್ತಿದ್ದಳು. ಆ ಮೂಲೆ ಹೋದರೆ?

ಆ ರಾತ್ರಿ ಊಟಕ್ಕೆ ಕೂತವಳು ತಟ್ಟೆ ದೂಡಿದಳು. ನಮ್ಮ ಮನೆಯಲ್ಲಿ ತಟ್ಟೆ ದೂಡುವುದೆಂದರೆ ಎಮರ್ಜೆನ್ಸಿ.

“ಒಂದು ದೋಸೆ ಹಾಕ್ತೆ,” ಅಂದೆ.

“ಬೇಡ ಅಮಾ.”

“ಅರ್ಧ?”

“ಬೇಡ ಹೇಳಿ ಹೇಳ್ದಿ ಅಲ್ದಾ?”

“ತೆಳ್ಳಗಿದ್ದೇ. ಕಾಗದದಷ್ಟು. ತಿಂದಿದ್ದೂ ಗೊತ್ತಾಗ್ತಿಲ್ಲೆ.”

ಮೂರು ತಿಂದಳು. ನನಗೆ ಸಮಾಧಾನ ಆಯಿತು. (ಈ ಜಾಗವನ್ನು ನೆನಪಿಟ್ಟುಕೊಳ್ಳಿ. ನಾನು ಆಗ ನೆನಪಿಟ್ಟುಕೊಂಡಿರಲಿಲ್ಲ.)

ತಿಂದು ಮುಗಿಸಿ ಕೈಯೂರಿ ಕೂತು ಕೇಳಿದಳು. “ಅಮಾ, ನೀ ಯಾರಿಗೆ ಹೆದರ್ತೆ?”

ಕಷ್ಟದ ಪ್ರಶ್ನೆ. ಹಾರುವ ಜಿರಳೆ, ಮದುವೆಯ ಹಿಂದಿನ ದಿನ ಬಾಗಿಲು ಹಾಕುವ ಟೇಲರ್, ಇವರು ಹೇಳುವ “ಒಂದು ಸಣ್ಣ ವಿಷಯ ಇತ್ತು”. ಇವೆಲ್ಲ ಹೆದರಿಕೆಯೇ. ಆದರೆ ವಿಲನ್‌ಗೆ ಸಾಲದು. ಆಮೇಲೆ ನೆನಪಾದದ್ದು ಕುಮಟಾದ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು. ಅವರು ಯಾವತ್ತೂ ಕೂಗಿದವರಲ್ಲ, ಬೆತ್ತ ಮುಟ್ಟಿದವರಲ್ಲ. ಕನ್ನಡಕ ತೆಗೆದು, ಒರೆಸಿ, ಮೆತ್ತಗೆ “ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಚೈಲ್ಡ್” ಅನ್ನುತ್ತಿದ್ದರು. ಅಷ್ಟೇ. ನಾವು ಒಂದು ವಾರ ಸಾಯುತ್ತಿದ್ದೆವು.

“ನಿನ್ನ ರಾಕ್ಷಸರು ಭಾರೀ ಕೂಗ್ತ,” ಅಂದೆ. “ಮೆತ್ತಗೆ ಮಾತಾಡೂ ರಾಕ್ಷಸನ್ನ ಮಾಡಿ ನೋಡು.”

ಧನ್ಯಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

ಭಾನುವಾರ ಬಂತು, ವಿಲನ್ ಬರಲಿಲ್ಲ. ನನಗೆ ಆ ದಿನ ಭಟ್ಕಳಕ್ಕೆ ಹೋಗಬೇಕಿತ್ತು, ಶಾಹೀನಾಳ ಡಬ್ಬಿ ವಾಪಸ್ ಕೊಡಲು. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಬಸ್ಸಿನಲ್ಲಿ ಕೂತು ಸಮುದ್ರ ನೋಡು ಅಂತ ಧನ್ಯಾಳನ್ನೂ ಎಬ್ಬಿಸಿದೆ.

ಡಬ್ಬಿಯ ಕಥೆ ಹೇಳಬೇಕು. ಶಾಹೀನಾ ನನ್ನ ಕಾನ್ವೆಂಟ್ ಗೆಳತಿ. ಅವಳಪ್ಪನಿಗೆ ಆಗ ಕುಮಟಾದಲ್ಲಿ ಬಟ್ಟೆ ಅಂಗಡಿ. ನಾವಿಬ್ಬರೂ ಒಂದೇ ಬೆಂಚು. ಮದುವೆಯಾಗಿ ಅವಳು ಭಟ್ಕಳ ಸೇರಿದಳು, ನಾನು ಹೊನ್ನಾವರ. ಮಧ್ಯೆ ಓಡಾಡುವುದು ಒಂದು ಸ್ಟೀಲ್ ಡಬ್ಬಿ. ಅವಳು ಖರ್ಜೂರ ತುಂಬಿ ಕಳಿಸಿದರೆ ನಾನು ಹಲಸಿನ ಹಪ್ಪಳ ತುಂಬಿ ಕಳಿಸುತ್ತೇನೆ. ನಾನು ಅಕ್ಕಿ-ಬೆಲ್ಲದ ಅತ್ರಾಸ ಕಳಿಸಿದರೆ ಅವಳು ಹಲ್ವ ಕಳಿಸುತ್ತಾಳೆ. ನಮ್ಮಲ್ಲಿ ಕೊಟ್ಟವರ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ, ಅವಳ ಮನೆಯಲ್ಲೂ ಅದೇ. ಎರಡು ಮನೆಯಲ್ಲೂ ಈ ಪದ್ಧತಿ ಇದ್ದರೆ ಡಬ್ಬಿಗೆ ಬಿಡುಗಡೆ ಎಲ್ಲಿಂದ ಬರಬೇಕು? ನಿಜವಾಗಿ ಅದು ಯಾರ ಡಬ್ಬಿ ಎಂಬುದೂ ಈಗ ಗೊತ್ತಿಲ್ಲ. ಮುಚ್ಚಳದ ಮೇಲೆ ‘ಸರೋಜಾ’ ಎಂದು ಕೆತ್ತಿದೆ. ನನ್ನ ಹೆಸರು ವೀಣಾ. ಸರೋಜಾ ಯಾರು ಅಂತ ನನಗೂ ತಿಳಿಯದು, ಶಾಹೀನಾಳಿಗೂ ತಿಳಿಯದು. (ಓದುಗರಲ್ಲಿ ಯಾರಾದರೂ ಸರೋಜಾ ಡಬ್ಬಿ ಕಳಕೊಂಡಿದ್ದರೆ ಕ್ಷಮಿಸಿ. ಚೆನ್ನಾಗಿ ನೋಡಿಕೊಂಡಿದ್ದೇವೆ.)

ಬಾಳೆಹಣ್ಣಿನ ಬನ್ಸ್ ತುಂಬಿಕೊಂಡು ಹೋದೆವು. ಶಾಹೀನಾ ಬಾಗಿಲಲ್ಲೇ ಹಿಡಿದಳು.

“ಎಂತ ಮಾರಾಯ್ತಿ, ಎಷ್ಟು ದಿನ ಆಯ್ತು! ಕೂತ್ಕೊ ಕೂತ್ಕೊ. ನೀವು ಬರ್ತೀರಿ ಅಂತ ನಾನು ಏನೂ ಮಾಡ್ಲೇ ಇಲ್ಲ.”

ಏನೂ ಮಾಡದೆ ಇದ್ದದ್ದು ಒಂದೊಂದಾಗಿ ಟೇಬಲ್ಲಿಗೆ ಬರತೊಡಗಿತು. ಮೊದಲು ಶರಬತ್ತು, ಆಮೇಲೆ ಗೋಡಂಬಿ, ಖರ್ಜೂರ, ಅವಲಕ್ಕಿಯಲ್ಲಿ ಒಂದು ಬಗೆ, ಶ್ಯಾವಿಗೆಯಲ್ಲಿ ಎರಡು. ನಮಗೆಂದು ಪ್ರತ್ಯೇಕವಾಗಿ ಮಾಡಿದ ಹಲ್ವ, “ಇದಕ್ಕೆ ಮೊಟ್ಟೆ ಗಿಟ್ಟೆ ಏನೂ ಹಾಕ್ಲಿಲ್ಲ, ಪಾತ್ರೆನೂ ಹೊಸದು” ಎಂಬ ಪ್ರಮಾಣವಚನದೊಂದಿಗೆ. ನಾನು ಬೇಡ ಅಂದೆ. ಅವಳು ಚಮಚ ಕೆಳಗಿಟ್ಟು, ಮುಖ ಸಣ್ಣ ಮಾಡಿ, “ಹೂಂ, ಈಗ ನಮ್ಮ ಮನೆದು ನಿಂಗೆ ರುಚಿ ಆಗೂದಿಲ್ಲ” ಅಂದಳು. ಏನು ಮಾಡುತ್ತೀರಿ? ತಿಂದೆ. ಬಾಯಿ ತುಂಬಿಕೊಂಡಿರುವಾಗಲೇ ಅವಳ ಬೆನ್ನ ಹಿಂದಿದ್ದ ಇನ್ನೊಂದು ಚಮಚ ಮುಂದೆ ಬಂತು.

ನಾನು ಸುಮ್ಮನಿರುವವಳೇ? ನನ್ನ ಬನ್ಸ್ ಡಬ್ಬಿ ತೆರೆದೆ. “ನೀನೂ ತಿನ್ನು ಶಾಹೀನ್.”

“ಆಮೇಲೆ ತಿಂತೇನೆ.”

“ಈಗ. ನಾನು ನೋಡ್ಬೇಕು.”

“ಶುಗರ್ ಬಾರ್ಡರ್‌ನಲ್ಲಿದೆ ಅಂದಿದ್ದಾರೆ ಡಾಕ್ಟರ್.”

“ಬಾಳೆಹಣ್ಣಿನ ಸಿಹಿ ಸಿಹಿಯೇ ಅಲ್ಲ. ಹಣ್ಣು ಅದು!” ಅಂದೆ. (ಯಾವ ವೈದ್ಯಶಾಸ್ತ್ರದಲ್ಲಿ ಓದಿದ್ದೆನೋ.)

ಅವಳು ಒಂದು ತಿಂದು ನನ್ನ ತಟ್ಟೆಗೆ ಹಲ್ವ ಹಾಕಿದಳು. ನಾನು ಹಲ್ವ ತಿಂದು ಅವಳ ತಟ್ಟೆಗೆ ಬನ್ಸ್ ಹಾಕಿದೆ. ಸುಮಾರು ಹೊತ್ತು ನಡೆಯಿತು. ಎಂತಹ ಘೋರ ಕಾಳಗ, ಆದರೆ ಒಬ್ಬರ ದನಿಯೂ ಏರಲಿಲ್ಲ. ಇಬ್ಬರೂ ಒಂದೇ ಕಾನ್ವೆಂಟು ತಾನೆ. ನಡುನಡುವೆ ‘ಪ್ಲೀಸ್’ ಮತ್ತು ‘ಥ್ಯಾಂಕ್ಯೂ’ ಕೂಡ ಕೇಳಿಸುತ್ತಿದ್ದವು.

ಹೊರಡುತ್ತೇವೆ ಅಂತ ಎದ್ದೆವು. ಎದ್ದರೆ ಹೊರಟಂತೆಯೇ? ಹಾಲ್‌ನಲ್ಲಿ ನಿಂತು ಒಂದಿಷ್ಟು, ಚಪ್ಪಲಿ ಹಾಕಿಕೊಂಡು ಒಂದಿಷ್ಟು, ಗೇಟು ಹಿಡಿದು ಒಂದಿಷ್ಟು ಮಾತು. ಗೇಟಿನ ಹತ್ತಿರ ಇರುವಾಗ ನಮ್ಮ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. “ಹೋಯ್ತಲ್ಲ, ಇನ್ನು ಚಾ ಕುಡ್ಕೊಂಡೇ ಹೋಗಿ!” ಅಂದಳು ಶಾಹೀನಾ, ಹಬ್ಬ ಬಂದ ಹಾಗೆ.

ಅಷ್ಟು ಹೊತ್ತೂ ಧನ್ಯಾ ಸೋಫಾದ ತುದಿಯಲ್ಲಿ ಕೂತು ನಮ್ಮಿಬ್ಬರನ್ನು ನೋಡುತ್ತಿದ್ದಳು, ಟೆನ್ನಿಸ್ ನೋಡುವವರ ಹಾಗೆ ಕತ್ತು ಈಚೆ ಆಚೆ ತಿರುಗಿಸುತ್ತ. ಬೆಳಿಗ್ಗೆಯಿಂದ ಸತ್ತಂತಿದ್ದ ಕಣ್ಣಿನಲ್ಲಿ ಎಂತದೋ ಮಿನುಗು. ಬ್ಯಾಗಿನಿಂದ ಪೆನ್ಸಿಲ್ ತೆಗೆದಳು.

ಕೊನೆಗೆ ಬಸ್ಸು ಹತ್ತಿದಾಗ ನನ್ನ ಮಡಿಲಲ್ಲಿ ಏನಿತ್ತು? ಸರೋಜಾ. ಭರ್ತಿ ಹಲ್ವದೊಂದಿಗೆ. ಡಬ್ಬಿ ಕೊಡಲು ಹೋದವರು ಡಬ್ಬಿಯೊಂದಿಗೇ ವಾಪಸ್.

“ಅಮಾ, ವಿಲನ್ ಸಿಕ್ಚು,” ಅಂದಳು ಧನ್ಯಾ. ಆ ಉತ್ಸಾಹ ನೋಡಿ ನನ್ನ ಹೊಟ್ಟೆಯ ಭಾರವೂ ಇಳಿಯಿತು.

ನನಗೆ ತಕ್ಷಣ ಅರ್ಥವಾಯಿತು. “ಶಾಹೀನಾ ಅಲ್ದಾ?” ಅಂತ ನಕ್ಕೆ. ನಕ್ಕು ಸುಮ್ಮನಿರದೆ ಸಲಹೆಗಳ ಮಳೆಯನ್ನೇ ಸುರಿಸಿದೆ. ವಿಲನ್‌ಗೆ ತಾನು ಕೆಟ್ಟವಳು ಅಂತ ಗೊತ್ತಿರಲೇಬಾರದು. ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿರಬೇಕು. ಕೂಗಬಾರದು. ‘ಎಂತದೂ ಮಾಡಲಿಲ್ಲೆ’ ಅನ್ನುತ್ತಲೇ ಇರಬೇಕು. ಚಮಚ ಬೆನ್ನ ಹಿಂದೆ ಇರಬೇಕು. ಬೇಡ ಅಂದವರ ಮುಖವನ್ನು, ಅವರು ಏನೋ ಪಾಪ ಮಾಡಿದ ಹಾಗೆ ನೋಡಬೇಕು. ಧನ್ಯಾ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡಳು. ಮಧ್ಯೆ ಒಮ್ಮೆ ಮಾತ್ರ “ಅಮಾ, ಆ ಕೊಡೆ ಹಂಗೇ ಹಿಡ್ಕ” ಅಂದಳು. ನಾನು ಹಿಡಿದುಕೊಂಡೆ. ಬಸ್ಸು ಸೋರುತ್ತಿದೆಯೇನೋ ಅಂದುಕೊಂಡೆ.

ಸೋಮವಾರ ಧನ್ಯಾ ಗಡಿಬಿಡಿಯಲ್ಲಿ ಟಿಫಿನ್ ಮರೆತು ಹೋದಳು. ಕೊಟ್ಟು ಬರೋಣ ಅಂತ ಹೊರಟೆ. ಹೋಗುವುದು ಹೋಗುತ್ತೇನೆ, ಅಷ್ಟೊಂದು ಹಲ್ವ ಮನೆಯಲ್ಲಿ ಯಾರು ತಿನ್ನುತ್ತಾರೆ ಅಂತ ಸರೋಜಾಳನ್ನೂ ಬಗಲಿಗೆ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಶಾಹೀನಾ ಗೋಡೆಯ ಮೇಲೆ ಹೇಗೆ ಕಾಣುತ್ತಾಳೆ ಅಂತ ನೋಡುವ ಆಸೆಯೂ ಇತ್ತು.

ಮೆಟ್ಟಿಲ ಹತ್ತಿರ ಜನವೋ ಜನ. ಹಿಂದಿದ್ದವರು ಮುಂದಿದ್ದವರ ಹೆಗಲು ಹಿಡಿದು ಇಣುಕುತ್ತಿದ್ದಾರೆ. ಯಾರೋ ಜೋರಾಗಿ ಓದಿ ಹೇಳುತ್ತಿದ್ದಾರೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನನ್ನ ಎದೆ ಉಬ್ಬಿತು. ನಾನೂ ಕೊಡೆ ಮಡಚಿ ಒಂದು ಸಂದಿಯಲ್ಲಿ ಕತ್ತು ತೂರಿಸಿದೆ.

ಭಟ್ಕಳ ಬಂದರಿನ ಕಡೆಗೆ ರಾಕ್ಷಸ ಅಲೆ ನುಗ್ಗುತ್ತಿದೆ. ತಡೆಯಲು ತೂಫಾನಿ ಹಾರಿ ಬರುತ್ತಿದ್ದಾಳೆ. ಕೆಳಗೆ ರಸ್ತೆಯಲ್ಲಿ ಕೊಡೆ ಹಿಡಿದ ಒಬ್ಬ ಹೆಂಗಸು ಮೇಲೆ ನೋಡಿ ಹೇಳುತ್ತಾಳೆ: “ಅಯ್ಯೋ ತಂಗಿ, ಹೊಟ್ಟೆ ಖಾಲಿ ಇಟ್ಕಂಡು ಹಾರ್ತ್ಯಲೆ! ಎಂತಾರೂ ಕುಡ್ಕಂಡು ಹೋಗು.”

“ಸಮಯವಿಲ್ಲ ತಾಯಿ! ಊರು ಮುಳುಗುತ್ತಿದೆ!”

“ಮುಳುಗ್ತು ಬಿಡು, ಎಲ್ಲಿ ಹೋಗ್ತು ಅದು. ಬನ್ಸ್ ಬಿಸಿ ಇದ್ದು.”

ಮುಂದಿನ ಚೌಕದಲ್ಲಿ ತೂಫಾನಿ ಕುರ್ಚಿಯಲ್ಲಿ. ಅದರ ಮುಂದಿನದರಲ್ಲಿ “ಅರ್ಧ ಹಾಕ್ತೆ”. ಅದರ ಮುಂದಿನದರಲ್ಲಿ “ಕಾಗದದಷ್ಟು ತೆಳ್ಳಗಿದ್ದು”. ಕೊನೆಯದರಲ್ಲಿ ತೂಫಾನಿ ಬಲೂನಿನಂತೆ ಊದಿಕೊಂಡು ಕೂತಿದ್ದಾಳೆ, ಹಳದಿ ಕೇಪು ಕತ್ತಿಗೆ ಕಟ್ಟಿದ ಕರವಸ್ತ್ರದಷ್ಟಾಗಿದೆ, ಕಿಟಕಿಯ ಹೊರಗೆ ನೀರು ಏರುತ್ತಿದೆ. ಮಹಾಖಳನಾಯಕಿ ಉಪಚಾರಿಣಿ ಅಟ್ಟಹಾಸ ಮಾಡುತ್ತಿಲ್ಲ. ಮೆತ್ತಗೆ, ನೊಂದ ಮುಖದಲ್ಲಿ ಹೇಳುತ್ತಿದ್ದಾಳೆ: “ಎಂತದೂ ತಿಂದೇ ಇಲ್ಲೆ ನೀನು!”

ನಾನು ಬಹಳ ನಕ್ಕೆ. ಆಮೇಲೆ ಸ್ವಲ್ಪ ಕಡಿಮೆ ನಕ್ಕೆ. ಆಮೇಲೆ ನಗು ನಿಂತಿತು.

ಶಾಹೀನಾ ಬಳೆಗೆ ಸೇಫ್ಟಿ ಪಿನ್ ಸಿಕ್ಕಿಸಿಕೊಳ್ಳುವುದಿಲ್ಲ. ಉಪಚಾರಿಣಿಯ ಬಳೆಯಲ್ಲಿ ಮೂರು ಪಿನ್ನು ನೇತಾಡುತ್ತಿವೆ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. ಸೊಂಟದಲ್ಲಿ ಸಿಕ್ಕಿಸಿದ ಕರ್ಚೀಫು. ಕೊಡೆಯ ಹಿಡಿ ಮರದ್ದು. ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ, ಸಣ್ಣ ಅಕ್ಷರದಲ್ಲಿ, ‘ಸರೋಜಾ’.

ಪಕ್ಕದ ಹುಡುಗಿ ನನ್ನನ್ನು ನೋಡಿದಳು. ಗೋಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳ ಬಾಯಿ ತೆರೆದೇ ಉಳಿಯಿತು. ಹಿಂದಿನವರು ಮುಂದಿನವರನ್ನು ತಟ್ಟಿ ತೋರಿಸಿದರು. ಗುಂಪು ಎರಡಾಗಿ ಸರಿದು ನನಗೆ ದಾರಿ ಬಿಟ್ಟಿತು. ಒಂದು ಕೈಯಲ್ಲಿ ಕೊಡೆ, ಬಗಲಲ್ಲಿ ಡಬ್ಬಿ, ಬಳೆಯಲ್ಲಿ ಪಿನ್ನು. ಎದುರಿಗೆ ನಾನೇ.

ಬುದ್ಧಿ ಇದ್ದವರು ಏನು ಮಾಡುತ್ತಿದ್ದರು? ಟಿಫಿನ್ ಕೊಟ್ಟು ತಲೆ ತಗ್ಗಿಸಿ ಹೊರಟುಬಿಡುತ್ತಿದ್ದರು. ಆದರೆ ಅಷ್ಟು ಮಕ್ಕಳು ಸುತ್ತ ನಿಂತಿದ್ದಾರೆ, ಕೈಯಲ್ಲಿ ತುಂಬಿದ ಡಬ್ಬಿ ಇದೆ. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮುಚ್ಚಳ ತೆರೆಯಿತು.

“ತಗೊಳ್ಳಿ ಮಕ್ಕಳೇ,” ಅಂದೆ. “ಒಂದೊಂದೇ.”

ಹೊನ್ನಾವರದ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು ಆ ಗದ್ದಲ.

“ಆಂಟಿ, ಬೇಡ, ಡಯಟ್ ಮಾಡ್ತಿದ್ದೆ,” ಅಂದಳು ಒಬ್ಬಳು.

“ಸಣ್ಣದು ತಗೋ. ಗೊತ್ತೇ ಆಗೂದಿಲ್ಲ.” ಬಾಯಿಂದ ತಾನಾಗಿ ಬಂತು.

“ಏ, ತೂಫಾನಿ ಹೀಂಗೇ ಬಲೂನ್ ಆಗಿದ್ದು ಮಾರಾಯ್ತಿ!” ಅಂತ ಇನ್ನೊಬ್ಬಳು ಕೂಗಿದಳು. ಕೂಗಿ ಎರಡು ತೆಗೆದುಕೊಂಡಳು.

ಗಲಾಟೆ ಕೇಳಿ ಮೇಡಂ ಸ್ಟಾಫ್ ರೂಮಿನಿಂದ ಹೊರಬಂದರು. ಪದಬಂಧದ ಮೇಡಂ. ಒಮ್ಮೆ ಗೋಡೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಧನ್ಯಾ ಕಂಬದ ಹಿಂದೆ ನಿಂತಿದ್ದಳು, ಪೂರ್ತಿ ಕಾಣದ ಹಾಗೆ ಅಂದುಕೊಂಡು. ಅವಳ ಕಿವಿಯ ಕೆಂಪು ಮಾತ್ರ ನನಗೆ ಕಾಣುತ್ತಿತ್ತು. ಮೇಡಂ ಈಗ ಏನು ಹೇಳುತ್ತಾರೋ ಅದರ ಮೇಲೆ ನಿಂತಿದೆ ನನ್ನ ಮಗಳ ಮೂಲೆ.

ನಾನು ಡಬ್ಬಿ ಚಾಚಿದೆ. ಬೇರೇನು ತಾನೇ ಗೊತ್ತಿದೆ ನನಗೆ?

“ಇಲ್ಲ ಇಲ್ಲ, ನಾನು ಸ್ವೀಟ್ ಮುಟ್ಟೂದಿಲ್ಲ,” ಅಂದರು ಮೇಡಂ.

“ಅರ್ಧ ಮೇಡಂ.”

ಅರ್ಧ ತಗೊಂಡರು. ಒಂದು ಕ್ಷಣ ಬಿಟ್ಟು ಉಳಿದರ್ಧವನ್ನೂ ತಗೊಂಡರು. ಅರ್ಧ ತುಂಡು ಡಬ್ಬಿಯಲ್ಲಿ ಒಂಟಿಯಾಗಿ ಏನು ಮಾಡಬೇಕು? ಬಾಯಿ ಒರೆಸಿಕೊಂಡು, “ಡಬ್ಬಿ ಇಲ್ಲೇ ಇರಲಿ, ಉಳಿದದ್ದು ಸ್ಟಾಫ್‌ನವರಿಗೆ ಕೊಡ್ತೇನೆ, ತೊಳೆದು ಕಳಿಸ್ತೇನೆ,” ಅಂದರು. ಕಾಮಿಕ್ಸಿನ ಬಗ್ಗೆ ಒಂದಕ್ಷರ ಹೇಳಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಕೂತು ಯೋಚಿಸಿದೆ. ಬೇಸರ ಆಗಿತ್ತೇ? ಆಗಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ತಲೆಯವನಿಗೆ ಹೆದರದ ಕಾಲೇಜು ನನ್ನನ್ನು ನೋಡಿ ದಾರಿ ಬಿಟ್ಟಿತಲ್ಲ! ಆದರೆ ಆಲೋಚಿಸಿದರೆ ಇದು ಸರಿಯಾಗಿಯೇ ಇದೆ. ಚತುರ್ಮುಂಡನನ್ನು ಯಾರು ಕಂಡಿದ್ದಾರೆ? ಉಪಚಾರಿಣಿ ಪ್ರತಿ ಮನೆಯಲ್ಲೂ ಒಬ್ಬಳಿದ್ದಾಳೆ. ರಾಕ್ಷಸ ಹೊಡೆದರೆ ತಿರುಗಿ ಹೊಡೆಯಬಹುದು. ಬಿಸಿ ಬನ್ಸ್ ಹಿಡಿದು ನಿಂತವಳಿಗೆ ಯಾರು ಹೊಡೆಯುತ್ತಾರೆ? ಸೂಪರ್ ಹೀರೋಗಳ ಇಡೀ ಶಸ್ತ್ರಾಗಾರದಲ್ಲಿ ‘ಬೇಡ’ ಎನ್ನುವ ಆಯುಧ ಇಲ್ಲವೇ ಇಲ್ಲ, ಗಮನಿಸಿದ್ದೀರಾ?

ಪ್ರತಿ ವಿಲನ್‌ಗೂ ಒಂದು ಹಿನ್ನೆಲೆ ಇರುತ್ತದಂತೆ. ಪ್ರಯೋಗಾಲಯದಲ್ಲಿ ಸ್ಫೋಟ, ವಿಷದ ತೊಟ್ಟಿಗೆ ಬಿದ್ದದ್ದು, ಇತ್ಯಾದಿ. ನನ್ನದೂ ಇದೆ. ಕಾನ್ವೆಂಟಿನಲ್ಲಿ ‘ಮೊದಲು ಬೇರೆಯವರಿಗೆ ಕೊಡು, ಆಮೇಲೆ ನೀನು’ ಅಂತ ಕಲಿಸಿದರು. ಅಷ್ಟರಲ್ಲೇ ಬಿಟ್ಟಿದ್ದರೆ ಒಬ್ಬ ಸಭ್ಯ ಹೆಂಗಸಾಗುತ್ತಿದ್ದೆನೇನೋ. ಮದುವೆಯಾಗಿ ಬಂದ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಜಿಲೇಬಿಯನ್ನು ಒತ್ತಾಯ ಮಾಡಿ ಬಡಿಸದಿದ್ದರೆ ಅದು ಊಟವೇ ಅಲ್ಲ. ಇವೆರಡೂ ಸೇರಿದವು. ಸ್ಫೋಟ ಆಯಿತು.

ಶಾಹೀನಾಗೆ ಗೋಡೆಯ ಫೋಟೋ ಕಳಿಸಿದೆ. ಸಮಾಧಾನ ಹೇಳುತ್ತಾಳೆ ಅಂತ ಆಸೆ. ತಕ್ಷಣ ಫೋನ್ ಬಂತು.

“ಇದು ನೀನಾ?”

“ಹೌದು ಮಾರಾಯ್ತಿ.”

“ನಾನಲ್ವಾ?” ದನಿಯಲ್ಲಿ ನಿಜವಾದ ನೋವು. “ನಿನ್ನ ಮಗಳು ನಮ್ಮ ಮನೆಲಿ ಕೂತ್ಕೊಂಡು ನಿನ್ನ ಚಿತ್ರ ಬಿಡಿಸಿದ್ಲಾ? ಹಲ್ವ ನಂದು, ವಿಲನ್ ನೀನಾ? ನಾನು ನಿನಗಿಂತ ಜಾಸ್ತಿ ತಿನ್ನಿಸ್ತೇನೆ, ಕೇಳು ಯಾರನ್ನಾದ್ರೂ!”

ಅವಳನ್ನು ಸಮಾಧಾನ ಮಾಡುವುದರಲ್ಲಿ ನನ್ನ ಬೇಸರ ಎಲ್ಲಿ ಹೋಯಿತೋ.

ಸರೋಜಾ ಆ ವಾರವೇ ವಾಪಸ್ ಬಂದಳು. ಧನ್ಯಾ ಬ್ಯಾಗಿನಿಂದ ತೆಗೆದು ಟೇಬಲ್ ಮೇಲಿಟ್ಟಾಗ ಸದ್ದೇ ಹೇಳಿತು, ಖಾಲಿ ಇಲ್ಲ ಅಂತ. ಒಳಗೆ ಚಕ್ಕುಲಿ.

“ಮೇಡಂ ಖಾಲಿ ಕೊಡೂಕೆ ಮನಸ್ಸು ಬರಲಿಲ್ಲ ಅಂದ್ರು,” ಅಂದಳು. “ಪದಬಂಧಕ್ಕೆ ಬೇರೆ ಕಡೆ ಜಾಗ ನೋಡ್ತ್ರಡ.” ಹಾಗೆಂದು ಡೈನಿಂಗ್ ಟೇಬಲ್ ಸುತ್ತ ಒಂದು ಸುತ್ತು ಕುಣಿದಳು. ಹೂದಾನಿ ಬಿತ್ತು. ಕಲೆ ಹೊರಗೆ ಬಂತು. ಅದನ್ನು ಮುಚ್ಚಲು ಯಾರೂ ಏಳಲಿಲ್ಲ.

ಆಮೇಲೆ ಕೂತಳು. “ಆದ್ರೆ ಅಮಾ, ತೂಫಾನಿ ಗೆಲ್ಲವಲೆ. ಉಪಚಾರಿಣಿನ ಸೋಲ್ಸೂದು ಹೆಂಗೆ?”

“ಬೇಡ ಅಂದುಬಿಡಲಿ,” ಅಂದೆ.

“ಬೇಡ ಅಂದ್ರೆ ನೀ ಕೇಳ್ತ್ಯ?”

ನ್ಯಾಯವಾದ ಪ್ರಶ್ನೆ. ಇವರು ಹೇಳಿದರು, ಅಡುಗೆಮನೆಗೆ ಬೀಗ ಹಾಕಲಿ. “ಪಕ್ಕದ ಮನೆ ಒಲೆಲಿ ಮಾಡ್ಕ ಬತ್ತು,” ಅಂದಳು ಧನ್ಯಾ. ನನ್ನನ್ನು ಎಷ್ಟು ಚೆನ್ನಾಗಿ ಬಲ್ಲಳು! ಅಷ್ಟರಲ್ಲಿ ಮೂಲೆಯಲ್ಲಿ ಕೂತು ಚಕ್ಕುಲಿಯ ರುಚಿ ನೋಡುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು.

“ಅದನ್ನ ಕೂರ್ಸಿ ಬಡ್ಸಿ. ಸೋತೋಗ್ತು.” (ನಮ್ಮ ಮಾತಿನಲ್ಲಿ ಹೆಂಗಸರಿಗೂ ‘ಅದು’.)

ಮರುದಿನವೇ ಪ್ರಯೋಗ. ಪ್ರಯೋಗಪಶು ನಾನು. ಮಗಳು ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಉಪ್ಪಿಟ್ಟು ಅವಳದ್ದು, ಚಹಾ ಇವರದ್ದು, ಮೇಲ್ವಿಚಾರಣೆ ಅತ್ತೆಯದ್ದು. ನಿಯಮ ಒಂದೇ. ನನ್ನದು ಮುಗಿಯುವ ತನಕ ನಾನು ಏಳಬಾರದು.

ಸುಲಭ ಅಂದುಕೊಂಡಿರಾ? ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದೇ ಬರಲಿಲ್ಲ. ಸಿಡಿಯದೆ ರವೆ ಹಾಕಿದರು! ಉಪ್ಪಿನ ಭರಣಿಯ ಬದಲು ಸಕ್ಕರೆ ಭರಣಿಯ ಮುಚ್ಚಳ ತೆರೆದ ಸದ್ದು. ಚಹಾದ ಪಾತ್ರೆ ಉಕ್ಕುವ ಮೊದಲಿನ ಆ ಸಣ್ಣ ಉಸಿರು. ನನ್ನ ಎರಡೂ ಕೈ ಟೇಬಲ್ ಕೆಳಗೆ ಒಂದನ್ನೊಂದು ಹಿಡಿದುಕೊಂಡಿದ್ದವು.

“ಉಪ್ಪಿನಕಾಯಿ ಒಂದನ್ನ ನಾನೇ ತತ್ತೆ,” ಅಂದೆ. ದನಿ ನನ್ನದೇ ಅಂತ ನಂಬಲಾಗಲಿಲ್ಲ.

“ಕೂತ್ಕ,” ಅಂದರು ಅತ್ತೆ.

ಉಪ್ಪಿಟ್ಟು ತಂದಿಟ್ಟ ಧನ್ಯಾಳ ಪೆನ್ಸಿಲ್ ಓಡುತ್ತಿತ್ತು. ಈ ಸೋಮವಾರ ಗೋಡೆಯ ಮೇಲೆ ಬಂದದ್ದು ಅದೇ ಚಿತ್ರ. ಊದಿಕೊಂಡ ತೂಫಾನಿ ಹೇಗೋ ಎದ್ದು, ಕೇಪನ್ನೇ ಸೊಂಟಕ್ಕೆ ಸುತ್ತಿಕೊಂಡು ಬಡಿಸುತ್ತಿದ್ದಾಳೆ. ಎದುರಿಗೆ ಮಹಾಖಳನಾಯಕಿ ಉಪಚಾರಿಣಿ ಕುರ್ಚಿಯಲ್ಲಿ ಕೂತು, ಕಣ್ಣೀರು ಹರಿಸುತ್ತ, “ನೀರಾದರೂ ನಾನೇ ತರ್ತೆ!” ಎಂದು ಬೇಡುತ್ತಿದ್ದಾಳೆ. ಅಲೆ ನಿಂತಿತು, ಭಟ್ಕಳ ಉಳಿಯಿತು. ಕೆಳಗೆ ಪೆನ್ಸಿಲ್‌ನಲ್ಲಿ ಯಾರೋ ಬರೆದಿದ್ದಾರೆ: ‘ಸರೋಜಾ ಆಂಟಿಯನ್ನು ಬಿಟ್ಟುಬಿಡಿ.’

ಆದರೆ ಗೋಡೆಯ ಮೇಲೆ ಬರದ ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಇತ್ತು, ಚಹಾ ತಣ್ಣಗಿತ್ತು, ಧನ್ಯಾ ಚಮಚ ಬೆನ್ನ ಹಿಂದೆ ಹಿಡಿದು ‘ಅರ್ಧ ಹಾಕ್ತೆ’ ಅಂದಳು. ನಾನು ಹಾಕಿಸಿಕೊಂಡೆ. ತಿಂದು ಮುಗಿದ ಮೇಲೂ ಏಳಲಿಲ್ಲ. ಈ ಕುರ್ಚಿಗಳ ಕುಶನ್ ಹೊಲಿದವಳು ನಾನೇ, ಹತ್ತಿ ತುಂಬಿದವಳೂ ನಾನೇ.

ಇವು ಇಷ್ಟು ಮೆತ್ತಗಿವೆ ಅಂತ ಇಷ್ಟು ವರ್ಷ ಕೂತವರಲ್ಲಿ ಒಬ್ಬರಾದರೂ ಹೇಳಬಾರದಿತ್ತೇ?